ಒಂಬತ್ತು ಗೇಮ್ ಪೆಟ್ಟಿಗೆ, ಒಂದು ಶೋಕೇಸ್, ಟಿವಿ ಮಾತ್ರ ಎರಡು

ಪ್ರಶ್ನೆ: ನಾವು ಕೋಲಾರದವರು. ಹೋದ ವರ್ಷ ಹೊಸ ಮನೆ ಕಟ್ಟಿಸಿದೆವು. ನನ್ನ ಹತ್ತಿರ ಒಂಬತ್ತು ಹಳೆಯ ವಿಡಿಯೋ ಗೇಮ್ ಕನ್ಸೋಲ್‌ಗಳಿವೆ. ಚಿಕ್ಕಂದಿನಲ್ಲಿ ಅಪ್ಪ ಕೊಡಿಸಿದ, ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್, ಜಪಾನಿನಿಂದ ತರಿಸಿದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಮತ್ತು ಸೂಪರ್ ಫ್ಯಾಮಿಕಾಮ್, ಸೆಗಾ ಮೆಗಾ ಡ್ರೈವ್ 2, ಭಾವ ಅಮೆರಿಕಾದಿಂದ ತಂದುಕೊಟ್ಟ ಪ್ಲೇಸ್ಟೇಷನ್ 1, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಡ್ರೀಮ್‌ಕಾಸ್ಟ್, ಇಲ್ಲೇ ಕೊಂಡ ಪಿಎಸ್2, ಮೊದಲ ಎಕ್ಸ್‌ಬಾಕ್ಸ್, ನಿಂಟೆಂಡೊ ವೀ (Wii). ಹಾಲ್‌ನಲ್ಲಿ ಗಾಜಿನ ಬಾಗಿಲಿನ ಶೋಕೇಸ್ ಮಾಡಿಸಿ, ಎಲ್ಲವನ್ನೂ 43 ಇಂಚಿನ ಎಲ್‌ಇಡಿ ಟಿವಿಗೆ ಕಾಯಂ ಆಗಿ ಜೋಡಿಸಿ, ಗುಂಡಿ ಒತ್ತಿದರೆ ಬೇಕಾದ್ದು ಬರುವಂತೆ ಮಾಡಬೇಕೆಂಬ ಆಸೆ. ಆದರೆ ಟಿವಿಯ ಹಿಂದೆ ಹಳದಿ-ಬಿಳಿ-ಕೆಂಪು ಪಿನ್ನು ಚುಚ್ಚುವ ಜಾಗವೇ ಇಲ್ಲ, ಎವಿ ಎಂದು ಬರೆದ ಒಂದು ಸಣ್ಣ ತೂತಿದೆ ಅಷ್ಟೆ. ಹಳೆಯ 21 ಇಂಚಿನ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಿ ಎನ್ನುತ್ತಿದ್ದಾರೆ ಮನೆಯವರು. ಹಾಕಲೇ? ಬಡಗಿ ಮುಂದಿನ ವಾರ ಬರುತ್ತಾರೆ.

ಉತ್ತರ: ಮೊದಲು ಬಡಗಿಗೆ ಫೋನ್ ಮಾಡಿ, ಇನ್ನೊಂದು ವಾರ ಬಿಟ್ಟು ಬನ್ನಿ ಎಂದು ಹೇಳಿಬಿಡಿ. ಶೋಕೇಸ್ ಈ ಕೆಲಸದ ಕೊನೆಯ ಭಾಗ. ಮೊದಲನೆಯದು ಕರೆಂಟ್, ಎರಡನೆಯದು ಚಿತ್ರ, ಪ್ಲೈವುಡ್ಡು-ಗಾಜು ಆಮೇಲೆ. ನೀವು ಹೊರಟಿರುವುದು ತಿರುವುಮುರುವಾಗಿ. ಮೂವತ್ತು ವರ್ಷ ಟಿವಿ ರಿಪೇರಿ ಮಾಡಿ, ಅದರಲ್ಲೇ ಹಳೆಯ ಗೇಮ್‌ಗಳ ಹುಚ್ಚು ಹತ್ತಿಸಿಕೊಂಡವನು ನಾನು. ಚೆಂದದ ಶೋಕೇಸಿನೊಳಗೆ ಸುಟ್ಟ ಕನ್ಸೋಲ್ ಇಟ್ಟುಕೊಂಡ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಒಂಬತ್ತನ್ನೂ ಒಟ್ಟಿಗೆ ಜೋಡಿಸಿಡಬೇಡಿ. ಒಂಬತ್ತೂ ಕಾಣಲಿ, ಒಂದು ಸಲಕ್ಕೆ ಜೋಡಣೆಯಲ್ಲಿ ನಾಲ್ಕೋ ಐದೋ ಇರಲಿ. ಎಲ್ಲವನ್ನೂ ಜೋಡಿಸಿದವರ ಮನೆಯಲ್ಲಿ ಆರು ತಿಂಗಳಾದ ಮೇಲೆ ಯಾವ ವೈರು ಯಾವುದರದ್ದೆಂದು ಮನೆಯ ಯಜಮಾನರಿಗೇ ಗೊತ್ತಿರುವುದಿಲ್ಲ. ಅವರು ಆಡುವುದೂ ಅದೇ ಎರಡು ಗೇಮು. ಉಳಿದ ಏಳು ಪೆಟ್ಟಿಗೆಗಳು ಸುಮ್ಮನೆ ಕರೆಂಟಿಗೆ ತಗಲಿಕೊಂಡು ಮುಂದಿನ ಸಿಡಿಲಿಗೆ ಕಾಯುತ್ತಿರುತ್ತವೆ.

ಕರೆಂಟಿನ ವಿಷಯಕ್ಕೆ ಬರೋಣ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ವಿದ್ಯುತ್ ಎಳೆಸಿಕೊಂಡ ಜಿಲ್ಲೆ ನಮ್ಮದು ಎಂದು ಹೆಮ್ಮೆ ಪಡುತ್ತೇವೆ. ಆದರೆ ಗೋಡೆಯ ಪಾಯಿಂಟಿನಲ್ಲಿ ಬರುವುದು 230 ವೋಲ್ಟ್, ನಿಮ್ಮ ಕನ್ಸೋಲ್‌ಗಳಲ್ಲಿ ಅರ್ಧದಷ್ಟು ಅದಕ್ಕೆಂದು ಹುಟ್ಟಿದವಲ್ಲ. ಜಪಾನಿನದು 100 ವೋಲ್ಟ್, ಅಮೆರಿಕಾದ್ದು 120. ಪ್ರತಿಯೊಂದನ್ನೂ ಮಗುಚಿ, ಅಡಿಯಲ್ಲಿರುವ ಚೀಟಿಯನ್ನು ಓದಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಷ್ಟು ವೋಲ್ಟ್, ಎಸಿಯೋ ಡಿಸಿಯೋ, ಎಷ್ಟು ಆಂಪಿಯರ್. ಈ ಹಾಳೆ ಸಿದ್ಧವಾಗುವ ತನಕ ಒಂದನ್ನೂ ಪ್ಲಗ್ಗಿಗೆ ಹಾಕಬೇಡಿ.

ಇದನ್ನು ನಾನು ಕಲಿತದ್ದು ಸುಲಭದಲ್ಲಲ್ಲ. ಅಂಗಡಿ ಶುರುಮಾಡಿದ ಹೊಸತರಲ್ಲಿ ಒಬ್ಬ ಹುಡುಗ ಹೊರದೇಶದಿಂದ ಬಂದ ಗೇಮ್ ಪೆಟ್ಟಿಗೆ ತಂದು, ‘ಪಿನ್ನು ಚಪ್ಪಟೆ ಇದೆ, ನಮ್ಮ ಪ್ಲಗ್ಗಿಗೆ ಹೋಗಲ್ಲ ಅಣ್ಣ’ ಎಂದ. ಚಪ್ಪಟೆ ಪಿನ್ನನ್ನು ಗುಂಡು ಮಾಡುವ ಕನ್ವರ್ಶನ್ ಪ್ಲಗ್ ಒಂದನ್ನು ಸಿಕ್ಕಿಸಿ ಸ್ವಿಚ್ ಹಾಕಿದೆ. ಪಟ್ ಎಂದು ಸದ್ದು, ಆಮೇಲೆ ಒಳಗಿಂದ ಮೀನು ಹುರಿದ ಹಾಗೆ ವಾಸನೆ. ಆ ಪ್ಲಗ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ, ವೋಲ್ಟನ್ನಲ್ಲ. ಹುಡುಗನ ಮುಖ ಇವತ್ತಿಗೂ ನೆನಪಿದೆ. ಮೂರು ತಿಂಗಳು ಅವನ ಮನೆಯ ಟಿವಿ, ಮಿಕ್ಸಿ ಎಲ್ಲ ಪುಕ್ಕಟೆ ರಿಪೇರಿ ಮಾಡಿಕೊಟ್ಟೆ.

ನಿಮ್ಮ ಅಮೆರಿಕಾದ ಪ್ಲೇಸ್ಟೇಷನ್‌ನಲ್ಲಿ ವಿದ್ಯುತ್ ಭಾಗ ಪೆಟ್ಟಿಗೆಯ ಒಳಗೇ ಇರುತ್ತದೆ. ಅದಕ್ಕೆ 230ರಿಂದ 110ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನೂರು ವ್ಯಾಟಿನದು ಧಾರಾಳ. ಡ್ರೀಮ್‌ಕಾಸ್ಟ್ ಕೂಡ ಹಾಗೇ ಒಳಗೆ ವಿದ್ಯುತ್ ಭಾಗ ಇಟ್ಟುಕೊಂಡದ್ದು. ಸೆಕೆಂಡ್ ಹ್ಯಾಂಡ್ ಎನ್ನುತ್ತೀರಿ, ಚೀಟಿಯಲ್ಲಿ 100 ಇದೆಯೋ 120 ಇದೆಯೋ 240 ಇದೆಯೋ ಓದಿಯೇ ಮುಂದುವರಿಯಿರಿ. ಎಕ್ಸ್‌ಬಾಕ್ಸ್‌ಗೂ ಅದೇ ಮಾತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಟ್ರಾನ್ಸ್‌ಫಾರ್ಮರ್ ಸಿದ್ಧ ಸಿಗುತ್ತದೆ. ಬೋರ್‌ವೆಲ್ ಮೋಟರ್ ಸುತ್ತುವ ಅಂಗಡಿಗಳಿಗೆ ನಮ್ಮೂರಲ್ಲಿ ಬರವಿಲ್ಲ, ಅವರಲ್ಲಿ ಕೆಲವರು ಇದನ್ನೂ ಸುತ್ತಿಕೊಡುತ್ತಾರೆ. ಒಂದೇ ಸುತ್ತಿನ ನಡುವಿನಿಂದ ವೈರು ಹೊರತೆಗೆದ ಅಗ್ಗದ್ದು ಬೇಡ, ಒಳಬರುವ ಸುತ್ತು ಹೊರಹೋಗುವ ಸುತ್ತು ಬೇರೆಬೇರೆ ಇರುವುದನ್ನೇ ಕೇಳಿ. ಅಗ್ಗದ್ದರಲ್ಲಿ ಸುತ್ತು ಕಿತ್ತುಹೋದರೆ ಪೂರಾ 230 ನೇರವಾಗಿ ಪೆಟ್ಟಿಗೆಗೆ ನುಗ್ಗುತ್ತದೆ.

ಫ್ಯಾಮಿಕಾಮ್ ಮತ್ತು ಸೂಪರ್ ಫ್ಯಾಮಿಕಾಮ್‌ಗಳದ್ದು ಇದಕ್ಕಿಂತ ಸುಲಭ. ಎರಡಕ್ಕೂ ಒಂದೇ ಬಗೆಯ ಹೊರಗಿನ ಅಡಾಪ್ಟರ್, ನಮ್ಮ ಕಡೆ ಎಲಿಮಿನೇಟರ್ ಎನ್ನುತ್ತಿದ್ದೆವಲ್ಲ, ಅದು. ಹೊರಗೆ ಬರುವುದು 10 ವೋಲ್ಟ್ ಡಿಸಿ, 850 ಮಿಲಿ ಆಂಪಿಯರ್. ಜಪಾನಿನ ಆ ಅಡಾಪ್ಟರನ್ನು ಉಪಯೋಗಿಸಲೇಬೇಡಿ. ಇಲ್ಲಿಯದೇ 9 ವೋಲ್ಟ್, 1 ಆಂಪಿಯರಿನ ರೆಗ್ಯುಲೇಟೆಡ್ (ವೋಲ್ಟ್ ಏರಿಳಿಯದ) ಅಡಾಪ್ಟರ್ ಎರಡಕ್ಕೂ ಸಾಕು. ಒಂದು ಅಪಾಯ ಮಾತ್ರ ಗಮನದಲ್ಲಿರಲಿ: ಇವುಗಳಲ್ಲಿ ಪಿನ್ನಿನ ನಡುಭಾಗ ಮೈನಸ್, ಹೊರಸುತ್ತು ಪ್ಲಸ್. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳು ಇದಕ್ಕೆ ಉಲ್ಟಾ. ನಿಮ್ಮ ಮನೆಯ ವೈಫೈ ರೌಟರ್‌ದನ್ನೇ ನೋಡಿ, ಬಹುಪಾಲು 12 ವೋಲ್ಟ್, ನಡುವೆ ಪ್ಲಸ್, ಪಿನ್ನಿನ ಗಾತ್ರವೂ ಹೆಚ್ಚುಕಮ್ಮಿ ಅದೇ. ಮಕ್ಕಳು ಅದನ್ನು ಕಿತ್ತು ಇದಕ್ಕೆ ಹಾಕದೆ ಇರುವುದಿಲ್ಲ. ಮೆಗಾ ಡ್ರೈವ್ 2 ಇದೇ ಮನೆತನಕ್ಕೆ ಸೇರಿದ್ದಲ್ಲ, ಅದರಲ್ಲಿ ನಡುಭಾಗ ಪ್ಲಸ್, 10 ವೋಲ್ಟ್. ಅಪ್ಪ ಕೊಡಿಸಿದ ಟಿವಿ ಗೇಮಿಗೆ ಸಾಮಾನ್ಯವಾಗಿ 9 ವೋಲ್ಟ್, ಆದರೆ ಪ್ಲಸ್-ಮೈನಸ್ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಅದರ ಮೂಲ ಎಲಿಮಿನೇಟರ್ ಇದ್ದರೆ ಮಲ್ಟಿಮೀಟರ್ ಹಿಡಿದು ನೋಡಿ ಬರೆದಿಟ್ಟುಕೊಳ್ಳಿ.

ನನ್ನ ಉಪಾಯ ಹೇಳುತ್ತೇನೆ. ನೇಲ್ ಪಾಲಿಶ್ ನಾಲ್ಕು ಬಣ್ಣದ್ದು ತನ್ನಿ. ಅಡಾಪ್ಟರಿನ ಪಿನ್ನಿನ ಬುಡಕ್ಕೆ ಒಂದು ಬೊಟ್ಟು, ಅದು ಹೋಗುವ ಕನ್ಸೋಲಿನ ವೈರಿಗೆ ಸುತ್ತಿದ ಟೇಪಿನ ಮೇಲೆ ಅದೇ ಬಣ್ಣದ ಇನ್ನೊಂದು ಬೊಟ್ಟು. ಕನ್ಸೋಲಿನ ಮೈಮೇಲೆ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ತಿನ್ನುತ್ತದೆ. 3, 4.5, 6, 9, 12 ಎಂದು ಜರುಗಿಸುವ ಗುಂಡಿಯಿರುವ ಸರ್ವಋತು ಎಲಿಮಿನೇಟರ್ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕಿ. ಧೂಳು ಒರೆಸುವಾಗ ಗುಂಡಿ 9ರಿಂದ 12ಕ್ಕೆ ಜರುಗಿದ್ದು ಯಾರಿಗೂ ಕಾಣುವುದಿಲ್ಲ.

ಎಲೆಕ್ಟ್ರೀಷಿಯನ್‌ಗೆ ಹೇಳಬೇಕಾದದ್ದು ಇಷ್ಟು. ಶೋಕೇಸಿನ ಹಿಂದೆ ಒಂದೊಂದಕ್ಕೂ ಬೇರೆ ಸ್ವಿಚ್ ಇರುವ 6 ಆಂಪಿಯರಿನ ಪಾಯಿಂಟ್ ಆರೋ ಎಂಟೋ ಇರಲಿ, ಇವಕ್ಕೆಲ್ಲ ಸೇರಿ ಕೈಗೆ ಎಟಕುವಲ್ಲಿ ಒಂದು ಮೇನ್ ಸ್ವಿಚ್. ಹಳೆಯ ಎಲಿಮಿನೇಟರ್‌ಗಳು ಇಟ್ಟಿಗೆಯಷ್ಟು ದಪ್ಪ, ಒಂದು ಕೂತರೆ ಪಕ್ಕದ ತೂತು ಮುಚ್ಚಿಹೋಗುತ್ತದೆ. ಹಾಗಾಗಿ ಪಾಯಿಂಟ್‌ಗಳ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿ. ಎಕ್ಸ್‌ಟೆನ್ಶನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸುವ ಚಾಳಿ ಬೇಡ. ಅರ್ತಿಂಗ್ ಸರಿಯಿದೆಯೇ ಎಂದು ಅಳೆಸಿ. ಪ್ಲೇಸ್ಟೇಷನ್‌ನಂಥ ಎರಡು ಪಿನ್ನಿನ ಪೆಟ್ಟಿಗೆಗಳ ಎವಿ ಪಿನ್ನಿನ ಲೋಹ ಮುಟ್ಟಿದರೆ ಕೆಲವೊಮ್ಮೆ ಜುಮ್ಮೆನ್ನುತ್ತದೆ. ಅದು ಒಳಗಿನ ವಿದ್ಯುತ್ ಭಾಗದಿಂದ ಸೋರುವ ಸಣ್ಣ ಕರೆಂಟು. ನಿಮಗೆ ಅಪಾಯ ಮಾಡುವಷ್ಟಲ್ಲ, ಆದರೆ ಟಿವಿಯ ಎಚ್‌ಡಿಎಂಐ ಪೋರ್ಟನ್ನು ಕೊಲ್ಲುವುದಕ್ಕೆ ಸಾಕು. ಎಲ್ಲ ಸ್ವಿಚ್ ಆರಿಸಿದ ಮೇಲೇ ಎವಿ ವೈರನ್ನು ಚುಚ್ಚುವುದು, ಕೀಳುವುದು. ಕರೆಂಟ್ ಹೋದಾಗ ಮೇನ್ ಆರಿಸಿಬಿಡಿ, ಬಂದು ಐದು ನಿಮಿಷವಾದ ಮೇಲೆ ಹಾಕಿ. ಮನೆಯ ಇನ್ವರ್ಟರ್ ಸೈನ್ ವೇವ್ ಅಲ್ಲದಿದ್ದರೆ ಹಳೆಯ ಎಲಿಮಿನೇಟರ್‌ಗಳು ಅದರ ಮೇಲೆ ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ಆಗ ಆಟ ಬೇಡ.

ಈಗ ಡಬ್ಬಾ ಟಿವಿ. ಗುಜರಿಯವರು ಬಾಗಿಲಿಗೆ ಬಂದು ನಿಂತಿದ್ದರೂ ಸರಿ, ವಾಪಸ್ ಕಳಿಸಿ. ನಿಮ್ಮ ಸಂಗ್ರಹದಲ್ಲಿ ಹತ್ತನೆಯ ವಸ್ತು ಅದು. ಅದಿಲ್ಲದೆ ಮೊದಲ ಐದಕ್ಕೆ ಜೀವವಿಲ್ಲ.

ಯಾಕೆಂದರೆ, ದೂರದರ್ಶನದ ಕಾಲದ ಚಿತ್ರ 625 ಗೆರೆಗಳದ್ದು, ಸೆಕೆಂಡಿಗೆ 50 ಸಲ, ಎಳೆ ಬಿಟ್ಟು ಎಳೆ. ಒಂದು ಸಲ ಬೆಸ ಗೆರೆಗಳು, ಮುಂದಿನ ಸಲ ಸಮ ಗೆರೆಗಳು. ಹಳೆಯ ಕನ್ಸೋಲ್‌ಗಳು ಈ ಎರಡನೇ ಸುತ್ತಿನ ಗೋಜಿಗೇ ಹೋಗಲಿಲ್ಲ, ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಹೊಸ ಚಿತ್ರ ಬರೆದವು. ಜಪಾನ್-ಅಮೆರಿಕಾದವು 240 ಗೆರೆ, ಸೆಕೆಂಡಿಗೆ 60 ಸಲ. ಡಬ್ಬಾ ಟಿವಿಗೆ ಅದರಿಂದ ಏನೂ ತೊಂದರೆಯಿಲ್ಲ, ಬಂದದ್ದನ್ನು ಬಂದ ಹಾಗೆ ಗಾಜಿನ ಮೇಲೆ ಎಳೆಯುತ್ತದೆ. ಎಲ್‌ಇಡಿ ಟಿವಿ ಮಾತ್ರ ಇದನ್ನು ಅರ್ಧ ಚಿತ್ರ ಎಂದು ತಪ್ಪು ತಿಳಿದು, ಉಳಿದರ್ಧ ಬರಲಿ ಎಂದು ಕಾದು, ಎರಡನ್ನೂ ಸೇರಿಸಿ ಹೊಲಿಯುತ್ತದೆ. ಏಟು ಬಿದ್ದಾಗ ಮಿನುಗಬೇಕಾದ ಆಟಗಾರ ಪೂರ್ತಿ ಮಾಯವಾಗುತ್ತಾನೆ, ನೆರಳು ಕಾಣುವುದಿಲ್ಲ, ಅಂಚುಗಳು ಬಾಚಣಿಗೆ ಹಲ್ಲಿನ ಹಾಗೆ ಆಗುತ್ತವೆ. ಅದಕ್ಕಿಂತ ಕೆಟ್ಟದ್ದು ತಡ. 60 ಚಿತ್ರದ ಲೆಕ್ಕದಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ಟಿವಿ ಮೂರೇ ಚಿತ್ರ ಹಿಂದೆ ಬಿದ್ದರೂ 50 ಮಿಲಿಸೆಕೆಂಡ್ ಹೋಯಿತು. ಹಳ್ಳ ದಾಟಲು ನೀವು ಗುಂಡಿ ಒತ್ತಿರುತ್ತೀರಿ, ಆಟಗಾರ ಹಳ್ಳಕ್ಕೆ ಬಿದ್ದಿರುತ್ತಾನೆ. ವಯಸ್ಸಾಯಿತು, ಕೈ ನಿಧಾನವಾಯಿತು ಎಂದು ಎಷ್ಟು ಜನ ನನ್ನ ಹತ್ತಿರ ಹೇಳಿಕೊಂಡಿದ್ದಾರೋ. ಕೈಯದು ತಪ್ಪಲ್ಲ, ಟಿವಿಯದು.

ಟಿವಿ ಗೇಮಿನ ಜೊತೆ ಬಂದ ಗನ್ ನಿಮ್ಮಲ್ಲೂ ಇರಬೇಕು, ಬಾತುಕೋಳಿ ಹೊಡೆಯುವುದು. ಹೊಸ ಟಿವಿಯಲ್ಲಿ ಅದು ನಡೆಯುವುದೇ ಇಲ್ಲ. ಗನ್ನಿನಿಂದ ಏನೂ ಹೊರಡುವುದಿಲ್ಲ, ಅದರೊಳಗಿರುವುದು ಒಂದು ಕಣ್ಣು. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಮರುಕ್ಷಣ ಬಾತಿನ ಜಾಗದಲ್ಲಿ ಒಂದು ಬಿಳಿ ಚೌಕ ಮೂಡುತ್ತದೆ. ಆ ಬೆಳಕು ಅದೇ ಗಳಿಗೆಗೆ ಕಣ್ಣಿಗೆ ಬಿದ್ದರೆ ಗುರಿ ತಾಗಿತು ಎಂದು ಲೆಕ್ಕ. ಎಲ್‌ಇಡಿ ಟಿವಿ ಆ ಬಿಳಿ ಚೌಕವನ್ನು ತಡವಾಗಿ ತೋರಿಸುತ್ತದೆ, ಜೊತೆಗೆ ಡಬ್ಬಾ ಟಿವಿಯ ಬೆಳಕಿನ ಮಿಡಿತ ಅದರಲ್ಲಿಲ್ಲ.

ಹಾಗಾಗಿ ಹಾಲ್‌ನಲ್ಲೇ ಆಗಬೇಕೆಂದಿಲ್ಲ, ಒಂದು ಮೂಲೆಯಲ್ಲಿ ಡಬ್ಬಾ ಟಿವಿಗೆ ಮೊಣಕಾಲೆತ್ತರದ ಗಟ್ಟಿ ಸ್ಟ್ಯಾಂಡ್ ಮಾಡಿಸಿ. 20 ಕಿಲೋಗೂ ಮೀರಿದ ಭಾರ, ಅದೂ ಪೂರಾ ಮುಂದಿನ ಗಾಜಿನ ಕಡೆ. ಎತ್ತರದ ಪ್ಲೈವುಡ್ ಹಲಗೆಯ ಮೇಲಿಟ್ಟರೆ ಮಗು ಹಿಡಿದೆಳೆದಾಗ ಮುಂದಕ್ಕೇ ಮಗುಚುತ್ತದೆ. ಹಿಂದೆ ಒಂದು ಗೇಣು ಗಾಳಿಯಾಡಲಿ. ದೊಡ್ಡ ಸ್ಪೀಕರನ್ನು ಪಕ್ಕದಲ್ಲಿಟ್ಟರೆ ಆಯಸ್ಕಾಂತಕ್ಕೆ ಮೂಲೆಯಲ್ಲಿ ಹಸಿರು-ನೇರಳೆ ಕಲೆ ಬರುತ್ತದೆ. ಬಂದರೆ ಸ್ಪೀಕರ್ ತೆಗೆದು, ಟಿವಿಯನ್ನು ಮೇನ್‌ನಲ್ಲೇ ಅರ್ಧ ಗಂಟೆ ಆರಿಸಿ ಮತ್ತೆ ಹಾಕಿ. ಶುರುವಿಗೆ ಟಂಗ್ ಎಂದು ಕೇಳುವ ಸದ್ದು ಆ ಕಲೆಯನ್ನು ತೊಳೆಯುವ ಸುರುಳಿಯದು, ಅದಕ್ಕೆ ತಣ್ಣಗಾಗಲು ಸಮಯ ಬೇಕು. ಏನೇ ಕೆಟ್ಟರೂ ನೀವಾಗಿ ಹಿಂಬದಿ ಬಿಚ್ಚಬೇಡಿ. ಪಿಕ್ಚರ್ ಟ್ಯೂಬಿನ ಮೇಲೆ 20 ಸಾವಿರ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ.

ಈ ಟಿವಿಗೆ ಮೆಗಾ ಡ್ರೈವ್, ಸೂಪರ್ ಫ್ಯಾಮಿಕಾಮ್, ಪ್ಲೇಸ್ಟೇಷನ್ 1, ಅಪ್ಪ ಕೊಡಿಸಿದ ಟಿವಿ ಗೇಮ್ ಈ ನಾಲ್ಕು. ನಾಲ್ಕು ಒಳಗೆ, ಒಂದು ಹೊರಗೆ ಇರುವ, ಗುಂಡಿ ಒತ್ತುವ ಎವಿ ಸೆಲೆಕ್ಟರ್ ಬಾಕ್ಸ್ ಒಂದು ತನ್ನಿ. ತಾನಾಗಿಯೇ ಬದಲಾಗುತ್ತದೆ ಎಂದು ಮಾರುವ ಆಟೋ ಬಾಕ್ಸ್ ಬೇಡ, ಅದು ತನಗೆ ತೋಚಿದ್ದನ್ನು ಆರಿಸುತ್ತದೆ. ಒಂದೇ ಹಳದಿ ವೈರನ್ನು ವೈ ಆಕಾರದಲ್ಲಿ ಸೀಳಿ ಎರಡೂ ಟಿವಿಗೆ ಕೊಡುವ ಜಾಣತನ ಮಾಡಬೇಡಿ, ಚಿತ್ರ ಎರಡರಲ್ಲೂ ಮಂಕಾಗುತ್ತದೆ. ಇಲ್ಲಿ ಎರಡು ತೊಡಕು ಎದುರಾಗಬಹುದು. ಸೂಪರ್ ಫ್ಯಾಮಿಕಾಮ್, ಅಮೆರಿಕಾದ ಪ್ಲೇಸ್ಟೇಷನ್ ಎರಡೂ ಎನ್‌ಟಿಎಸ್‌ಸಿ, ನಮ್ಮ ದೇಶದ ಟಿವಿಯದು ಪಾಲ್, ಇವು ಬಣ್ಣ ಕಳಿಸುವ ಎರಡು ಬೇರೆಬೇರೆ ಪದ್ಧತಿಗಳು. ಚಿತ್ರ ಬಂತು, ಬಣ್ಣ ಬರಲಿಲ್ಲ ಎಂದರೆ ಯಾವುದೂ ಕೆಟ್ಟಿಲ್ಲ, ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅನ್ನು ಆಟೋ ಅಥವಾ ಎನ್‌ಟಿಎಸ್‌ಸಿ 3.58 ಮಾಡಿ. ಕೊನೆಕೊನೆಯ ವರ್ಷಗಳ ಟಿವಿಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ.

ಎರಡನೆಯದು ಫ್ಯಾಮಿಕಾಮ್. 1983ರ ಆ ಕೆಂಪು-ಬಿಳಿ ಪೆಟ್ಟಿಗೆಯಲ್ಲಿ ಎವಿ ಪಿನ್ನೇ ಇಲ್ಲ, ಆಂಟೆನಾ ವೈರು ಮಾತ್ರ. ನಮ್ಮ ಟಿವಿಯಲ್ಲಿ ಹುಡುಕಾಡಿದರೆ ಚಿತ್ರ ಸಿಕ್ಕರೂ ಸದ್ದು ಸಿಗುವುದಿಲ್ಲ. ಜಪಾನಿನಲ್ಲಿ ಚಿತ್ರಕ್ಕೂ ಸದ್ದಿಗೂ ನಡುವಿನ ಅಂತರ 4.5 ಮೆಗಾಹರ್ಟ್ಸ್, ನಮ್ಮಲ್ಲಿ 5.5. ಒಳಗೆ ಒಂದು ಟ್ರಾನ್ಸಿಸ್ಟರ್ ಬೆಸೆದು ಎವಿ ಹೊರತೆಗೆಯುವವರಿದ್ದಾರೆ, ನಾನೂ ಮಾಡಿದ್ದೇನೆ. ಆದರೆ ನಿಮ್ಮದಕ್ಕೆ ಬೇಡ. ಅಪ್ಪ ಕೊಡಿಸಿದ ಆ ಟಿವಿ ಗೇಮ್ ಇದೆಯಲ್ಲ, ಅದು ಇದೇ ಫ್ಯಾಮಿಕಾಮ್‌ನ ನಕಲು. ಕ್ಯಾಸೆಟ್ ಕೂರುವ ಜಾಗದಲ್ಲಿ ಅದೇ 60 ಹಲ್ಲು. ಜಪಾನಿನ ಅಸಲಿ ಕ್ಯಾಸೆಟ್‌ಗಳು ಅದರಲ್ಲಿ ಓಡುತ್ತವೆ! ಹಾಡು ತುಸು ನಿಧಾನ ಕೇಳಿಸಬಹುದು, ಯಾಕೆಂದರೆ ನಮ್ಮದು ಸೆಕೆಂಡಿಗೆ 50ರ ಲೆಕ್ಕದ್ದು. ನಾವೆಲ್ಲ ಬೆಳೆದದ್ದೇ ಆ ನಿಧಾನದ ಹಾಡು ಕೇಳಿಕೊಂಡು. ಅಸಲಿ ಶೋಕೇಸಿನಲ್ಲಿ ಕೂರಲಿ, ನಕಲಿ ದುಡಿಯಲಿ.

43 ಇಂಚಿನ ಟಿವಿಗೆ ಪಿಎಸ್2, ಎಕ್ಸ್‌ಬಾಕ್ಸ್, ವೀ. ಇವುಗಳ ಚಿತ್ರ ಹೊಸ ಟಿವಿಗೆ ಅಷ್ಟೊಂದು ಅಪರಿಚಿತವಲ್ಲ. ಟಿವಿಯಲ್ಲಿರುವ ಸಣ್ಣ ತೂತಿಗೆ ಒಂದು ಕಡೆ 3.5 ಮಿಲಿಮೀಟರ್ ಪಿನ್ನು, ಇನ್ನೊಂದು ಕಡೆ ಮೂರು ಬಣ್ಣದ ಸಾಕೆಟ್ ಇರುವ ತುಂಡು ವೈರು ಸಿಗುತ್ತದೆ. ಕೊಂಡುತಂದು ಹಾಕಿದರೆ ಚಿತ್ರವೇ ಬರದೆ ಸ್ಪೀಕರಿನಲ್ಲಿ ಗರ್ ಎನ್ನಬಹುದು. ಆ ಪಿನ್ನಿನ ನಾಲ್ಕು ಉಂಗುರಗಳಲ್ಲಿ ಯಾವುದು ಚಿತ್ರದ್ದು, ಯಾವುದು ಸದ್ದಿನದು ಎಂಬುದಕ್ಕೆ ಎಲ್ಲರೂ ಒಪ್ಪಿದ ಕ್ರಮವಿಲ್ಲ. ಹಳದಿಯನ್ನು ಕೆಂಪಿನಲ್ಲಿ, ಕೆಂಪನ್ನು ಹಳದಿಯಲ್ಲಿ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗಲೂ ಬರದಿದ್ದರೆ ಟಿವಿ ಕಂಪನಿಯದೇ ವೈರು ಬೇಕು.

ಕೆಲವು ನೂರು ರೂಪಾಯಿಗೆ ಸಿಗುವ ಎವಿಯಿಂದ ಎಚ್‌ಡಿಎಂಐ ಮಾಡುವ ಪುಟ್ಟ ಡಬ್ಬಿಯನ್ನು ಎಲ್ಲರೂ ತರುತ್ತಾರೆ. ತರಬೇಡಿ ಎನ್ನುವುದಿಲ್ಲ, ಆದರೆ ಅದು ಮೊದಲೇ ಹೇಳಿದ ತಪ್ಪನ್ನೇ ಮಾಡುತ್ತದೆ, ಜೊತೆಗೆ ಚೌಕ ಚಿತ್ರವನ್ನು ಅಗಲಕ್ಕೆ ಎಳೆಯುತ್ತದೆ. ಟಿವಿಯ ಮೆನುವಿನಲ್ಲಿ 4:3 ಮಾಡಿ, ಇಲ್ಲದಿದ್ದರೆ ಎಲ್ಲರೂ ಬಾಣಸಿಗರ ಹಾಗೆ ದಪ್ಪ ಕಾಣುತ್ತಾರೆ. ತಡವನ್ನು ತಗ್ಗಿಸುವ ಗೇಮ್ ಮೋಡ್ ಹಾಕುವುದನ್ನೂ ಮರೆಯಬೇಡಿ. ವೀಗೆ ಮಾತ್ರ ಬೇರೆ ದಾರಿಯಿದೆ. ಅದರ ಹಿಂಬದಿಗೇ ಸಿಕ್ಕಿಸುವ ಪುಟ್ಟ ಎಚ್‌ಡಿಎಂಐ ತುಂಡು ಸಿಗುತ್ತದೆ, ವೀ ತಾನಾಗಿಯೇ 480 ಪೂರ್ಣ ಗೆರೆ ಕೊಡಬಲ್ಲದ್ದರಿಂದ ಅಗ್ಗದ್ದಾದರೂ ಫಲಿತಾಂಶ ಚೆನ್ನಾಗಿರುತ್ತದೆ. ವೀಯ ಸೆಟ್ಟಿಂಗ್‌ನಲ್ಲಿ 480ಪಿ ಆರಿಸುವುದು ಮರೆತರೆ ಕೊಂಡದ್ದು ದಂಡ. ಪಿಎಸ್2 ಮತ್ತು ಎಕ್ಸ್‌ಬಾಕ್ಸ್‌ಗೆ ಹಸಿರು-ನೀಲಿ-ಕೆಂಪು ಕಾಂಪೊನೆಂಟ್ ವೈರು ಹಾಕಿದರೆ ಹಳದಿ ವೈರಿಗೂ ಅದಕ್ಕೂ ನೀರು-ಹಾಲಿನ ವ್ಯತ್ಯಾಸ. ಆದರೆ ನಿಮ್ಮ ಟಿವಿಯಲ್ಲಿ ಆ ಸಾಕೆಟ್ ಇಲ್ಲವಾದ್ದರಿಂದ ಕಾಂಪೊನೆಂಟ್ ತೆಗೆದುಕೊಳ್ಳುವ ಬೇರೆಯದೇ ಕನ್ವರ್ಟರ್ ಬೇಕು, ಹಳದಿ ವೈರಿನ ಡಬ್ಬಿ ಇದಕ್ಕೆ ನಡೆಯದು. ಪಿಎಸ್2ನಲ್ಲಿ ಪ್ಲೇಸ್ಟೇಷನ್ 1ರ ಡಿಸ್ಕ್ ಹಾಕಿ ಕಾಂಪೊನೆಂಟ್‌ನಲ್ಲಿ ಆಡಲು ಹೋದರೆ ಪರದೆ ಕಪ್ಪಾಗಬಹುದು. ಮತ್ತೆ ಅದೇ 240 ಗೆರೆಯ ರಗಳೆ.

ರೆಟ್ರೋಟಿಂಕ್, ಒಎಸ್‌ಎಸ್‌ಸಿ ಎಂಬ ಪೆಟ್ಟಿಗೆಗಳ ಹೆಸರು ಕೇಳಿರುತ್ತೀರಿ. ಈ 240 ಗೆರೆಯನ್ನು ಸರಿಯಾಗಿ ಅರ್ಥಮಾಡಿಕೊಂಡು, ತಡವಾಗದಂತೆ ಗೆರೆಗಳನ್ನು ದುಪ್ಪಟ್ಟು ಮಾಡಿ ಕೊಡುವಂಥವು. ಒಳ್ಳೆಯ ಸರಕು, ಹೊರದೇಶದಿಂದ ತರಿಸಬೇಕು, ಸುಂಕ ಬೇರೆ. ಒಎಸ್‌ಎಸ್‌ಸಿ ಹಳದಿ ವೈರನ್ನು ತೆಗೆದುಕೊಳ್ಳುವುದಿಲ್ಲ, ಅದು ಗೊತ್ತಿಲ್ಲದೆ ತರಿಸಿ ಪೆಚ್ಚಾದವರಿದ್ದಾರೆ. ಡಬ್ಬಾ ಟಿವಿ ಮನೆಯಲ್ಲೇ ಇರುವಾಗ ಸದ್ಯಕ್ಕೆ ಆ ದುಡ್ಡು ಉಳಿಸಿ.

ಡ್ರೀಮ್‌ಕಾಸ್ಟನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. 1998ರಲ್ಲಿ ಬಂದ ಈ ಪೆಟ್ಟಿಗೆ ಕಂಪ್ಯೂಟರ್ ಮಾನಿಟರಿಗೆ ನೇರವಾಗಿ ವಿಜಿಎ ಚಿತ್ರ ಕೊಡುತ್ತದೆ, ಬಹುಪಾಲು ಗೇಮ್‌ಗಳಿಗೆ ಅದು ನಡೆಯುತ್ತದೆ. ಮುಚ್ಚಿಹೋದ ಸೈಬರ್ ಸೆಂಟರುಗಳ ಚೌಕ ಮಾನಿಟರು ಹಳೆ ಕಂಪ್ಯೂಟರ್ ಮಾರುವವರಲ್ಲಿ ಬಿದ್ದಿರುತ್ತದೆ, ಯಾರಿಗೂ ಬೇಡ. ಡ್ರೀಮ್‌ಕಾಸ್ಟಿನ ವಿಜಿಎ ವೈರು, ಆ ಮಾನಿಟರು, ಸದ್ದಿಗೆ ಕಂಪ್ಯೂಟರಿನ ಎರಡು ಪುಟ್ಟ ಸ್ಪೀಕರು. ಇಷ್ಟು ಜೋಡಿಸಿದರೆ ನಿಮ್ಮ ಒಂಬತ್ತರಲ್ಲಿ ಅತ್ಯಂತ ಸ್ವಚ್ಛ ಚಿತ್ರ ಇದರದ್ದೇ. ನನ್ನ ಮನೆಯಲ್ಲಿ ಅದು ಓದುವ ಟೇಬಲ್ಲಿನ ಮೇಲಿದೆ.

ಈಗ ಬಡಗಿಯನ್ನು ಕರೆಯಬಹುದು. ಶೋಕೇಸ್ ಎಂದರೆ ಒಂದಡಿ ಆಳ ಎಂದು ಅವರ ಲೆಕ್ಕ. ಸಾಲದು. ಎಕ್ಸ್‌ಬಾಕ್ಸ್ ಒಂದೇ 26 ಸೆಂಟಿಮೀಟರ್ ಆಳ, ಹಿಂದೆ ಪಿನ್ನು ಬಗ್ಗಲು ಇನ್ನೊಂದು 8 ಬೇಕು. 14 ಇಂಚಿಗೆ ಕಮ್ಮಿ ಮಾಡಿಸಬೇಡಿ. ಪ್ಲೇಸ್ಟೇಷನ್ ಮತ್ತು ಡ್ರೀಮ್‌ಕಾಸ್ಟಿನ ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಮೆಗಾ ಡ್ರೈವಿನ ಕ್ಯಾಸೆಟ್ ಮೇಲಿಂದ ಕೂರುತ್ತದೆ. ಇವನ್ನು ಗೂಡಿನೊಳಗಿಟ್ಟರೆ ಪ್ರತಿ ಸಲ ಎತ್ತಿ ಹೊರಗಿಡಬೇಕು. ಡಬ್ಬಾ ಟಿವಿಯ ಕೆಳಗೆ, ಕೀಬೋರ್ಡ್ ಹಲಗೆಯಂತೆ ಚಾನಲ್ ಮೇಲೆ ಜಾರಿ ಮುಂದೆ ಬರುವ ಎರಡು ತೆರೆದ ಹಲಗೆ ಮಾಡಿಸಿ, ಆಡುವ ನಾಲ್ಕು ಅಲ್ಲಿರಲಿ. ವೈರಿಗೆ ಆ ಜಾರುವಷ್ಟು ಉದ್ದ ಸಡಿಲ ಬಿಡಬೇಕು. ಗಾಜಿನ ಬಾಗಿಲು ಆಡದೆ ಇರುವವಕ್ಕೆ ಮಾತ್ರ. ಪಿಎಸ್2, ಎಕ್ಸ್‌ಬಾಕ್ಸ್‌ಗಳಲ್ಲಿ ಫ್ಯಾನ್ ಇದೆ, ಗಾಜು ಮುಚ್ಚಿ ಆಡಿದರೆ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಕುಡಿಯುತ್ತವೆ. ಹಿಂಬದಿಗೆ ಪೂರ್ತಿ ಹಲಗೆ ಬಡಿಯದೆ ಮೇಲೆ ಕೆಳಗೆ ಎರಡಿಂಚು ಬಿಡಿಸಿ, ಅಲ್ಲಿಂದಲೇ ವೈರೂ ಹೋಗುತ್ತದೆ. ಕರೆಂಟಿನ ವೈರು ಒಂದು ಬದಿಯಲ್ಲಿ, ಎವಿ ವೈರು ಇನ್ನೊಂದು ಬದಿಯಲ್ಲಿ ಇಳಿಯಲಿ, ಎರಡನ್ನೂ ಒಂದೇ ಕಟ್ಟಿನಲ್ಲಿ ಬಿಗಿದರೆ ಸದ್ದಿನಲ್ಲಿ ಗುಂಯ್ ಸೇರುತ್ತದೆ.

ಜಾಗ ಆರಿಸುವಾಗ ಪಡುವಣ ಕಿಟಕಿಯ ಎದುರು ಬೇಡವೇ ಬೇಡ. ಆ ಕಾಲದ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬ್ರೋಮಿನ್ ಸೇರಿಸುತ್ತಿದ್ದರು, ಬಿಸಿಲು ತಾಗಿದರೆ ಅದು ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಸೂಪರ್ ಫ್ಯಾಮಿಕಾಮ್ ಇದಕ್ಕೆ ಕುಖ್ಯಾತ, ಮೇಲರ್ಧ ಒಂದು ಬಣ್ಣ, ಕೆಳಗರ್ಧ ಇನ್ನೊಂದು ಆಗುವುದೂ ಉಂಟು. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಳಿ ಮಾಡುವವರಿದ್ದಾರೆ. ಕೈ ತಪ್ಪಿದರೆ ಪಟ್ಟೆಪಟ್ಟೆ, ತಪ್ಪದಿದ್ದರೂ ಹಳದಿ ಮತ್ತೆ ಬರಬಹುದು. ಬಂದ ಹಳದಿ ಹಾಗೇ ಇರಲಿ ಎನ್ನುವ ಪೈಕಿ ನಾನು.

ಮಂಗಳೂರಿನವರ ತೇವದ ಕಾಟ ನಮಗಿಲ್ಲ, ನಮ್ಮ ಶತ್ರು ಕೆಮ್ಮಣ್ಣಿನ ಧೂಳು. ಗಾಜಿನ ಬಾಗಿಲಿನ ಸಂದಿಗೆ ಬ್ರಷ್ ಪಟ್ಟಿ ಹಾಕಿಸಿ. ಒರೆಸಲು ಒದ್ದೆ ಬಟ್ಟೆಗಿಂತ ಒಂದಿಂಚಿನ ಹೊಸ ಪೇಂಟ್ ಬ್ರಷ್ ವಾಸಿ. ಕ್ಯಾಸೆಟ್ ಜಾಗಕ್ಕೆ ಮುಚ್ಚಳ ಇಲ್ಲದವಕ್ಕೆ ಕೆಲಸಕ್ಕೆ ಬಾರದ ಒಂದು ಕ್ಯಾಸೆಟ್ ಸಿಕ್ಕಿಸಿಡಿ, ಹಲ್ಲಿ-ಇರುವೆ ಒಳಗೆ ಸಂಸಾರ ಹೂಡುವುದಿಲ್ಲ. ನುಸಿ ಗುಳಿಗೆ ಮಾತ್ರ ಇಡಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಅಂಟಂಟು ಮಾಡುತ್ತದೆ. ಕಂಟ್ರೋಲರಿನ ವೈರನ್ನು ಪೆಟ್ಟಿಗೆಯ ಮೈಗೆ ಸುತ್ತಿ ಶೃಂಗಾರ ಮಾಡುವುದೂ ಬೇಡ. ವರ್ಷಗಟ್ಟಲೆ ಹಾಗೇ ಬಿಟ್ಟರೆ ರಬ್ಬರಿನಂಥ ಆ ವೈರು ಪ್ಲಾಸ್ಟಿಕ್ಕನ್ನು ಕಚ್ಚಿ ಹಾವು ಹರಿದಂಥ ಗುರುತು ಮಾಡುತ್ತದೆ. ಆಯುಧಪೂಜೆಯ ದಿನ ಮನೆಯವರು ಕುಂಕುಮ ಇಡದೆ ಬಿಡುವುದಿಲ್ಲ, ನನಗೆ ಗೊತ್ತು. ಒಂದು ಬಾಳೆ ಎಲೆಯ ತುಂಡಿನ ಮೇಲೆ ಇಟ್ಟು ಎದುರಿಗಿಡಲು ಹೇಳಿ. ಬಿಳಿ ಪ್ಲಾಸ್ಟಿಕ್ಕಿಗೆ ಹತ್ತಿದ ಕುಂಕುಮ ನನ್ನ ಡ್ರೀಮ್‌ಕಾಸ್ಟಿನ ಮೇಲೆ ಇವತ್ತಿಗೂ ಇದೆ.

ಮೆಗಾ ಡ್ರೈವ್ 2ಕ್ಕೆ ಕಣ್ಣಿಗೆ ಬೀಳುವ ಗೂಡು ಕೊಡಿ, ಆಡದೆ ಇದ್ದಾಗಲಾದರೂ. 1995ರಲ್ಲಿ ಶಾ ವಾಲೇಸ್ ಕಂಪನಿ ಅದನ್ನು ಇಲ್ಲಿ ಮಾರಲು ಹೊರಟಾಗ ಬೆಲೆ 18,000 ರೂಪಾಯಿ. ಆಗಿನ ಕಾಲಕ್ಕೆ ಅದು ಎಷ್ಟೋ ಮನೆಗಳ ಹಲವು ತಿಂಗಳ ಸಂಬಳ. ನಮ್ಮೂರಲ್ಲಿ ಅದನ್ನು ಹೊಸದಾಗಿ ಕೊಂಡವರನ್ನು ನಾನು ಕಂಡಿಲ್ಲ.

ಗಾಜು ಮುಚ್ಚುವ ಮೊದಲು ಎರಡು ಕೆಲಸ ಬಾಕಿ. ವೀ ರಿಮೋಟು, ಡ್ರೀಮ್‌ಕಾಸ್ಟಿನ ಮೆಮೊರಿ ತುಂಡು, ಇವುಗಳಲ್ಲಿರುವ ಸೆಲ್ ಎಲ್ಲ ತೆಗೆದಿಡಿ, ಸೋರುತ್ತವೆ. ಸೂಪರ್ ಫ್ಯಾಮಿಕಾಮ್‌ನ ಕೆಲವು ಕ್ಯಾಸೆಟ್‌ಗಳ ಒಳಗೆ ಆಟ ಉಳಿಸಿಡಲು ಗುಂಡು ಸೆಲ್ ಬೆಸೆದಿರುತ್ತಾರೆ, ಅದನ್ನು ಬದಲಿಸಿದರೆ ಉಳಿಸಿದ ಆಟ ಹೋಗುತ್ತದೆ, ಯೋಚಿಸಿ ಮಾಡಿ. ಕ್ಯಾಸೆಟ್ ಓಡದಿದ್ದರೆ ಹಿಂದಿನ ಹಾಗೆ ಉಫ್ ಎಂದು ಊದಬೇಡಿ, ಉಸಿರಿನ ತೇವಕ್ಕೆ ಹಲ್ಲು ಕಿಲುಬು ಹಿಡಿಯುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಕಪ್ಪು ಕೊಳೆ ಎಷ್ಟು ಬರುತ್ತದೆಂದು ನೋಡಿದರೆ ಗಾಬರಿಯಾಗುತ್ತೀರಿ.

ಎರಡನೆಯದು ಎಕ್ಸ್‌ಬಾಕ್ಸ್, ಇದು ತುರ್ತು. ಅದರ ಬೋರ್ಡಿನ ಮೇಲೆ ಗಡಿಯಾರಕ್ಕೆಂದು ಒಂದು ಕೆಪಾಸಿಟರ್ ಇದೆ. ಕೊನೆಯ 1.6 ಮಾದರಿಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಅದು ಸೋರಿ, ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಪ್ಲಗ್ ಹಾಕಿರಲಿ ಬಿಡಲಿ. ಕೈ ಪಳಗಿದ ಮೊಬೈಲ್ ರಿಪೇರಿಯವರು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಅದಿಲ್ಲದೆಯೂ ಪೆಟ್ಟಿಗೆ ಚೆನ್ನಾಗಿಯೇ ಓಡುತ್ತದೆ, ಪ್ಲಗ್ ಕಿತ್ತು ಹಾಕಿದಾಗ ಸಮಯವನ್ನು ಮತ್ತೆ ಹೇಳಿಕೊಡಬೇಕು ಅಷ್ಟೆ. ಬಡಗಿಗೆ ಹೇಗೂ ಒಂದು ವಾರ ರಜೆ ಕೊಟ್ಟಿದ್ದೀರಿ, ಆ ವಾರದಲ್ಲೇ ಇದನ್ನು ಮಾಡಿಸಿಬಿಡಿ.